ಸಾಲಕ್ಕೆ ಸಂಘ, ಠೇವಣಿಗೆ ಬ್ಯಾಂಕ್: ಒಬ್ಬ ಅಡಿಕೆ ಬೆಳೆಗಾರನ ಹೋಲಿಕೆ

ಶಿರಸಿ ಸೀಮೆಯ ತೋಟಿಗನಾದ ನನಗೆ ಮೂರು ಕಡೆ ಖಾತೆಗಳಿವೆ: ಊರಿನ ಸೇವಾ ಸಹಕಾರಿ ಸಂಘ, ಕರ್ನಾಟಕ ಗ್ರಾಮೀಣ ಬ್ಯಾಂಕ್, ಕರ್ನಾಟಕ ಬ್ಯಾಂಕ್. ಮೂರರಲ್ಲೂ ವ್ಯವಹರಿಸಿ ನೋಡಿದ ಮೇಲೆ ಯಾವ ಕೆಲಸಕ್ಕೆ ಯಾವ ಬಾಗಿಲು ಎಂಬುದು ಗೊತ್ತಾಗಿದೆ.

ಬೆಳೆಸಾಲದಲ್ಲಿ ಸಂಘವನ್ನು ಮೀರಿಸುವವರಿಲ್ಲ. ರಾಜ್ಯ ಸರ್ಕಾರದ ಶೂನ್ಯ ಬಡ್ಡಿ ಸಾಲದ ಮಿತಿ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಹಾಗೆಂದು ಕೇಳಿದವರಿಗೆಲ್ಲ 5 ಲಕ್ಷ ಎಣಿಸಿ ಕೊಡುವುದಿಲ್ಲ. ಪಹಣಿಯಲ್ಲಿ ಎಷ್ಟು ಗುಂಟೆ, ಯಾವ ಬೆಳೆ ಎಂದು ನೋಡಿ ಎಕರೆ ಲೆಕ್ಕದಲ್ಲಿ ಮಂಜೂರು ಮಾಡುತ್ತಾರೆ. ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಅದಕ್ಕೇ ವಾಯಿದೆ ಹತ್ತಿರವಾದಾಗ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ದರ ಏರಲಿ ಎಂದು ಕಾಯುವ ಧೈರ್ಯ ಯಾರಿಗೂ ಇರುವುದಿಲ್ಲ.

ಗ್ರಾಮೀಣ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 3 ಲಕ್ಷದವರೆಗೆ ಶೇ. 7ರ ಬಡ್ಡಿ, ಸಕಾಲಕ್ಕೆ ಕಟ್ಟಿದರೆ ಶೇ. 4. ಸೊನ್ನೆಯ ಮುಂದೆ ನಾಲ್ಕೂ ದುಬಾರಿಯೇ. ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಇದರಲ್ಲಿ ವಿಲೀನವಾಯಿತು. ಪ್ರಧಾನ ಕಚೇರಿ ಈಗ ಬಳ್ಳಾರಿಯಲ್ಲಿದೆ. ಬಂಡವಾಳದಲ್ಲಿ ಕೇಂದ್ರದ ಪಾಲು ಶೇ. 50, ಪ್ರಾಯೋಜಕ ಕೆನರಾ ಬ್ಯಾಂಕಿನದು 35, ರಾಜ್ಯದ್ದು 15. ಸರ್ಕಾರದ ಸಹಾಯಧನವೆಲ್ಲ ನನಗೆ ಈ ಖಾತೆಗೇ ಬರುತ್ತದೆ.

ಇನ್ನು ಠೇವಣಿ. ನಮ್ಮ ಕಡೆ ಜನ ಎಡವುವುದು ಇಲ್ಲಿಯೇ. ಸಂಘ ಕೊಂಚ ಹೆಚ್ಚು ಬಡ್ಡಿ ಕೊಡುತ್ತದೆ, ಕಾರ್ಯದರ್ಶಿ ಪರಿಚಯದವರು. ಅಷ್ಟಕ್ಕೇ ಅಡಿಕೆ ಮಾರಿದ ದುಡ್ಡನ್ನೆಲ್ಲ ಅಲ್ಲೇ ಇಡುತ್ತಾರೆ. ಬ್ಯಾಂಕ್ ಮುಳುಗಿದರೆ ಅಸಲು, ಬಡ್ಡಿ ಸೇರಿ ಠೇವಣಿದಾರನಿಗೆ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ಪ್ರಾಥಮಿಕ ಸಹಕಾರ ಸಂಘಗಳಿಗೆ ಆ ವಿಮೆ ಅನ್ವಯಿಸುವುದಿಲ್ಲ. ಪರಿಚಯ ಬೇರೆ, ಭದ್ರತೆ ಬೇರೆ.

ಹಾಗಾಗಿ ನನ್ನ ಉಳಿತಾಯ ಕರ್ನಾಟಕ ಬ್ಯಾಂಕಿನ ಅಭ್ಯುದಯ ಕ್ಯಾಶ್ ಸರ್ಟಿಫಿಕೇಟ್‌ನಲ್ಲಿದೆ; ಬಡ್ಡಿ ಅಸಲಿಗೇ ಸೇರುತ್ತಾ ಹೋಗುತ್ತದೆ, ನಡುವೆ ಕೈಗೆ ಬಂದು ಖರ್ಚಾಗುವ ಗೋಜಿಲ್ಲ. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಖಾಸಗಿ ಬ್ಯಾಂಕ್ ಇದು. ಕರಾವಳಿಯ ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ವಿಲೀನವಾಗಿ ಹೋದರೂ ಇದರ ಹೆಸರು ಉಳಿದಿದೆ. ಆದರೆ ವಿಮೆಯ ಮಿತಿ ಇಲ್ಲಿಯೂ 5 ಲಕ್ಷವೇ. ಅದಕ್ಕಿಂತ ಹೆಚ್ಚಿದ್ದುದನ್ನು ಗ್ರಾಮೀಣ ಬ್ಯಾಂಕಿಗೆ ಹಾಕುತ್ತೇನೆ. ಸಂಘದಲ್ಲಿ ಷೇರು ಹಣ ಮತ್ತು ಗೊಬ್ಬರದ ಖರ್ಚಿಗೆ ಬೇಕಾದಷ್ಟು ಮಾತ್ರ.