ಮಂಡಿಪೇಟೆ ಹಿಂದಿನ ಹಳೇ ಕಾಗದ, ಫೋಟೋ ಅಂಗಡಿ: ಗಂಟು ಕೊಳ್ಳಿ, ಬಿಡಿ ಫೋಟೋಗೆ ಭೂತಗನ್ನಡಿ ಒಯ್ಯಿರಿ

ದಾವಣಗೆರೆ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ, ಗೋಣಿಚೀಲದವರ ಸಾಲಿನಲ್ಲಿರುವ ಈ ಅಂಗಡಿ ಹೊರಗಿನಿಂದ ರದ್ದಿ ಅಂಗಡಿಯೇ. ಮುಂದೆ ತಕ್ಕಡಿ, ಪಕ್ಕದಲ್ಲಿ ಪೇಪರ್ ಕಟ್ಟು. ಒಳಗಿನ ಕೋಣೆಗೆ ಹೋಗಬೇಕು. ಅಲ್ಲಿ ಮಂಡಿ ಪಟ್ಟಿ (ರೈತ ಮಾಲು ಮಾರಿದ ಲೆಕ್ಕದ ಚೀಟಿ), ಕಿರ್ದಿ ಪುಸ್ತಕ (ದಿನದ ಜಮಾ ಖರ್ಚಿನ ಪುಸ್ತಕ), ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್, ಹತ್ತಿ ಗಿರಣಿಯ ಲೇಬಲ್, ಬೆಂಕಿಪೊಟ್ಟಣದ ಚೀಟಿ, ರಟ್ಟಿಗೆ ಅಂಟಿಸಿದ ಗ್ರೂಪ್ ಫೋಟೋ, ಗಾಜಿನ ನೆಗೆಟಿವ್ ಎಲ್ಲ ಸಿಗುತ್ತವೆ. ಸರಕು ಹೆಚ್ಚಾಗಿ ಹಳೇ ಚಿತ್ರದುರ್ಗ ಜಿಲ್ಲೆಯದು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆಯಾಗುವ ತನಕ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳೂ ಅದರಲ್ಲೇ ಇದ್ದವು. ಹಾಗಾಗಿ ಚಳ್ಳಕೆರೆಯ ಎಣ್ಣೆ ಗಾಣದ ರಸೀದಿಯೂ ಹರಿಹರದ ಕಾರ್ಖಾನೆಯ ಕ್ಯಾಲೆಂಡರೂ ಒಂದೇ ಕಪಾಟಿನಲ್ಲಿ ಇರುವುದು ಸರಿಯೇ.

ಈ ಅಂಗಡಿಯ ದೊಡ್ಡ ಗುಣ ಒಂದಿದೆ. ಒಂದು ಮನೆಯಿಂದ ಬಂದ ಕಾಗದವನ್ನು ಒಂದೇ ಗಂಟಾಗಿ ಇಡುತ್ತಾರೆ. ಗಂಟಿಗೆ ಹತ್ತಿ ದಾರ, ಮೇಲೊಂದು ಚೀಟಿ, ಚೀಟಿಯಲ್ಲಿ ಪೆನ್ಸಿಲಿನಿಂದ ಊರು, ತಾಲ್ಲೂಕು. ಇಷ್ಟೇ ಕೆಲಸ, ಆದರೆ ಇದನ್ನು ಮಾಡುವ ವ್ಯಾಪಾರಿಗಳು ನಮ್ಮಲ್ಲಿ ಬಹಳ ಕಡಿಮೆ. ಅಮೆರಿಕದ ಹಳ್ಳಿಗಾಡಿನ ಹಳೇ ಫೋಟೋ, ಪೋಸ್ಟ್‌ಕಾರ್ಡ್ ಮಾರುವವರು ಮೊದಲು ರಾಜ್ಯ, ಆಮೇಲೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಆಮೇಲೆ ಊರು ಅಂತ ವಿಂಗಡಿಸಿಡುವ ರೂಢಿ ಇದೆ. ಕೊಳ್ಳುವವರೂ ತಮ್ಮ ಕೌಂಟಿಯ ಡಬ್ಬಿಯನ್ನೇ ಕೇಳುತ್ತಾರೆ. ಊರಿನ ಹೆಸರು ಕಳೆದುಕೊಂಡ ಫೋಟೋ ಅಲ್ಲೂ ಅಗ್ಗ, ಇಲ್ಲೂ ಅಗ್ಗ. ಯಾರದೋ ಮದುವೆಯ ಫೋಟೋ ಒಂಟಿಯಾಗಿ ಸಿಕ್ಕರೆ ಅದು ಬರೀ ಮದುವೆ ಫೋಟೋ. ಅದೇ ಗಂಟಿನಲ್ಲಿ ಲಗ್ನಪತ್ರಿಕೆ ಇದ್ದರೆ ವಧು ವರರ ಹೆಸರು, ಊರು, ತಿಥಿ, ಅಚ್ಚು ಹಾಕಿದ ಪ್ರೆಸ್ಸು ಎಲ್ಲ ಗೊತ್ತಾಗುತ್ತದೆ. ಆದ್ದರಿಂದ ಬಿಡಿ ಹಾಳೆ ಕೈಗೆತ್ತಿಕೊಂಡರೂ "ಇದರ ಜೋಡಿ ಇನ್ನೇನು ಬಂದಿತ್ತು ಅಣ್ಣಾರೆ?" ಅಂತ ಕೇಳಿ. ನೆನಪಿದ್ದರೆ ಹೇಳುತ್ತಾರೆ, ಉಳಿದದ್ದನ್ನು ಹುಡುಕಿ ತೆಗೆದೂ ಕೊಡುತ್ತಾರೆ.

ಕಾಗದದಲ್ಲಿ ಮೊದಲು ನೋಡಬೇಕಾದ್ದು ಮಂಡಿ ಪಟ್ಟಿ. ಒಂದಕ್ಕೆ 20ರಿಂದ 40 ರೂಪಾಯಿ, ಐವತ್ತರ ಕಟ್ಟು ಕೊಂಡರೆ ಇನ್ನೂ ಕಡಿಮೆ. ಒಂದು ಪಟ್ಟಿಯನ್ನು ಬಿಡಿಸಿಟ್ಟು ನಿಧಾನ ಓದಿ. ಮೇಲೆ ನಡುವೆ ದೇವರ ಹೆಸರು, ಕೆಳಗೆ ಕಮಿಷನ್ ಏಜೆಂಟರ ಹೆಸರು, ಎಡಕ್ಕೆ ರೈತನ ಹೆಸರು ಮತ್ತು ಊರು. ಮುಂದೆ ಚೀಲದ ಲೆಕ್ಕ, ತೂಕ, ದರ. ಅದರ ಕೆಳಗೆ ಕಳೆದ ಹಣ: ಹಮಾಲಿ, ತೂಕದ ಕೂಲಿ, ದಲಾಲಿ, ಧರ್ಮಾದಾಯ (ಧರ್ಮಕಾರ್ಯದ ಹೆಸರಿನ ಕಡಿತ). ರೈತನ ಕೈಗೆ ಬಂದದ್ದು ಎಷ್ಟು, ದಾರಿಯಲ್ಲಿ ಸೋರಿದ್ದು ಎಷ್ಟು ಅನ್ನುವುದು ಇಷ್ಟು ನೇರವಾಗಿ ಬೇರೆ ಯಾವ ಕಾಗದದಲ್ಲೂ ಸಿಗುವುದಿಲ್ಲ. ಹತ್ತಿ, ಶೇಂಗಾ, ಅಡಿಕೆ ಮೂರರ ಪಟ್ಟಿಗಳೂ ಇಲ್ಲಿವೆ. ಬೇಸಾಯದ ಚರಿತ್ರೆ ಬರೆಯುವವರು ಇವನ್ನು ಬಿಡಬಾರದು.

ತಾರೀಖು ಹರಿದುಹೋಗಿದ್ದರೂ ಕಾಲ ಹಿಡಿಯಬಹುದು. ಮೊತ್ತ 12-8-0 ಎಂದು ಮೂರು ಮನೆಯಲ್ಲಿ ಬರೆದಿದ್ದರೆ ಅದು ರೂಪಾಯಿ, ಆಣೆ, ಪೈ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬರುವುದಕ್ಕೆ ಹಿಂದಿನದು, ಅಥವಾ ಹಳೇ ರೂಢಿ ಬಿಡದ ಗುಮಾಸ್ತರು ಅದಾಗಿ ಸ್ವಲ್ಪ ದಿನದಲ್ಲೇ ಬರೆದದ್ದು. "ನಯೇ ಪೈಸೆ" ಅಂತ ಅಚ್ಚಾಗಿದ್ದರೆ 1957ರಿಂದ 1964ರ ನಡುವೆ, ಯಾಕೆಂದರೆ 1964ರ ಜೂನ್ 1ರಿಂದ ನಯೇ ಹೋಗಿ ಬರೀ ಪೈಸೆ ಉಳಿಯಿತು. ತೂಕ ಮಣ, ಸೇರಿನಲ್ಲಿದ್ದರೆ ಹಳೆಯದು; ಮೆಟ್ರಿಕ್ ತೂಕ 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬಂತು. ವಿಳಾಸದಲ್ಲಿ 577001 ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ರಾಜ್ಯ" ಇದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲು ಅಚ್ಚಾದ ನಮೂನೆ. ರೈಲ್ವೆ ಪಾವತಿಯಲ್ಲಿ ಎಂ ಅಂಡ್ ಎಸ್‌ಎಂ (ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ) ಇದ್ದರೆ 1951ರ ಏಪ್ರಿಲ್ 14ರ ಒಳಗಿನದು. ಅವತ್ತು ಅದು ದಕ್ಷಿಣ ರೈಲ್ವೆಯಲ್ಲಿ ಸೇರಿತು. ಒಂದು ಎಚ್ಚರ: ಅಚ್ಚಾದ ನಮೂನೆಗಳು ಮುಗಿಯುವ ತನಕ ವರ್ಷಗಟ್ಟಲೆ ಬಳಕೆಯಲ್ಲಿರುತ್ತವೆ. ಆದ್ದರಿಂದ ಅಚ್ಚಿಗಿಂತ ಕೈಬರಹ ಹೇಳುವ ಕಾಲವನ್ನು ನಂಬಿ. ಕಿರ್ದಿ ಪುಸ್ತಕದ ಮೊದಲ ಹಾಳೆಯಲ್ಲಿ ಸಂವತ್ಸರದ ಹೆಸರಿರುತ್ತದೆ. ಸರ್ವಜಿತ್ ಅಂದರೆ 1947-48, ಇಲ್ಲವೇ ಅರವತ್ತು ವರ್ಷ ಹಿಂದೆ ಮುಂದೆ. ಹೊಸ ಕಿರ್ದಿ ಬಲಿಪಾಡ್ಯಮಿಗೆ ಶುರುವಾಗುವುದರಿಂದ ಪುಸ್ತಕದ ಒಳಗಿನ ಲೆಕ್ಕ ಯುಗಾದಿ ದಾಟಿ ಮುಂದಿನ ಸಂವತ್ಸರಕ್ಕೂ ಹೋಗುತ್ತದೆ.

ಹ್ಯಾಂಡ್‌ಬಿಲ್ಲುಗಳು 100ರಿಂದ 300 ರೂಪಾಯಿ. ದಾವಣಗೆರೆಯವರೇ ಆದ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರಿದ್ದರೆ ದರ ಏರುತ್ತದೆ, ಅದು ನ್ಯಾಯವೇ. ತೆಳು ಬಣ್ಣದ ಕಾಗದ, ಮಡಿಕೆಯಲ್ಲೇ ಹರಿಯುತ್ತದೆ. ಬಿಡಿಸುವ ಮುಂಚೆ ಅಡಿಗೆ ಒಂದು ರಟ್ಟು ಕೇಳಿ. ಬೆಂಕಿಪೊಟ್ಟಣದ ಚೀಟಿಗಳು ಸಾಧಾರಣ, ಬಹುಪಾಲು ಶಿವಕಾಶಿಯವು, ಎಲ್ಲ ಕಡೆ ಸಿಗುವಂಥವು.

ಈಗ ಫೋಟೋ. ಇಲ್ಲಿ ಕಣ್ಣು ಚುರುಕಿರಬೇಕು. ರಟ್ಟಿನ ಮೇಲಿನ ಶಾಲೆ, ಸಂಘ, ಮದುವೆ ಗ್ರೂಪ್ ಫೋಟೋಗಳಿಗೆ 300ರಿಂದ 800 ರೂಪಾಯಿ ಹೇಳುತ್ತಾರೆ. ಮುಂದೆ ಕೂತ ಹುಡುಗನ ಕೈಯಲ್ಲಿ ಊರು, ಇಸವಿ ಬರೆದ ಸ್ಲೇಟು ಇದ್ದರೆ ಆ ದುಡ್ಡಿಗೆ ಮೋಸವಿಲ್ಲ. ಆದರೆ ಕೋಟೆಯ ಫೋಟೋ, ವಾಣಿವಿಲಾಸ ಸಾಗರದ ಫೋಟೋ, ನಿಜಲಿಂಗಪ್ಪನವರು ಕಟ್ಟಡ ಉದ್ಘಾಟಿಸುವ ಫೋಟೋ ಈ ಮೂರಕ್ಕೆ ಗಿರಾಕಿ ಹೆಚ್ಚು, ಹಾಗಾಗಿ ಮರುಪ್ರತಿಗಳೂ ಹೆಚ್ಚು. ಪರೀಕ್ಷೆ ಸುಲಭ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಮುಖದ ನೆರಳಿನ ಭಾಗ ನೋಡಿ. ಅಸಲಿಯಲ್ಲಿ ಬೂದು ಬಣ್ಣ ಒಡೆಯದೆ ನಯವಾಗಿ ಹರಿದಿರುತ್ತದೆ. ಸಾಲಾಗಿ ಚುಕ್ಕೆ ಕಂಡರೆ ಪುಸ್ತಕ, ಪತ್ರಿಕೆಯಲ್ಲಿ ಅಚ್ಚಾದದ್ದು. ಚೆಲ್ಲಾಪಿಲ್ಲಿ ಬಣ್ಣದ ಚುಕ್ಕೆ ಕಂಡರೆ ಇಂಕ್‌ಜೆಟ್. ಆಮೇಲೆ ಫೋಟೋವನ್ನು ಓರೆ ಮಾಡಿ ಬೆಳಕಿಗೆ ಹಿಡಿಯಿರಿ. ಅಂಚಿನ ಕಪ್ಪು ಭಾಗದಲ್ಲಿ ನೀಲಿ ಬೆಳ್ಳಿಯ ಹೊಳಪು ಕಂಡರೆ ಒಳಗಿನ ಬೆಳ್ಳಿ ಮೇಲೆದ್ದಿದೆ ಅಂತ ಅರ್ಥ. ಅದು ಹಳೇ ಬೆಳ್ಳಿ ಪ್ರಿಂಟಿನ ಸಹಜ ಗುರುತು. ದೋಷವೆಂದು ಬಟ್ಟೆಯಿಂದ ಉಜ್ಜಬೇಡಿ.

ಮೂರನೆಯದು ನೋಟು ನೋಡುವ ಯುವಿ ಟಾರ್ಚ್. ಅಂಗಡಿಯಲ್ಲೇ ಇದೆ, ಕೇಳಿದರೆ ಕೊಡುತ್ತಾರೆ. ಫೋಟೋ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸತೊಡಗಿದ್ದು 1950ರ ದಶಕದಲ್ಲಿ. ಕತ್ತಲಲ್ಲಿ ಹಿಂಬದಿಗೆ ಟಾರ್ಚ್ ಬಿಟ್ಟಾಗ ಕಾಗದ ನೀಲಿಯಾಗಿ ಹೊಳೆದರೆ "1930ರ ಫೋಟೋ" ಅನ್ನುವ ಮಾತು ನಿಲ್ಲುವುದಿಲ್ಲ. ಹೊಳೆಯದಿದ್ದರೆ ಹಳೆಯದೇ ಅಂತಲೂ ಅಲ್ಲ, ಹೊಳಪಿಲ್ಲದ ಕಾಗದ ಆಮೇಲೂ ಬಂದಿದೆ. ಹಿಂಬದಿಯಲ್ಲಿ "ಇಂದು" ಎಂಬ ಗುರುತಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನದು. ಆ ಕಾರ್ಖಾನೆ ಸ್ಥಾಪನೆಯಾದದ್ದೇ 1960ರಲ್ಲಿ. ಹಿಂಬದಿ ಪ್ಲಾಸ್ಟಿಕ್ಕಿನಂತೆ ಜಾರಿದರೆ ಸಾಮಾನ್ಯವಾಗಿ 1970ರ ಈಚಿನದು. ಕೆಂಪಾಗಿರುವ ಕಲರ್ ಫೋಟೋಗಳು 70, 80ರ ದಶಕದವು. ಆಲ್ಬಮ್ಮಿನ ಕತ್ತಲಲ್ಲೇ ಅವುಗಳ ನೀಲಿ ಹಸಿರಿನ ವರ್ಣ ಮೊದಲು ಅಳಿದು ಕೆಂಪು ಉಳಿಯುತ್ತದೆ. ಕೆಂಪಾಗಿದೆ ಅಂತ ಬಿಡಬೇಡಿ, 30 ರೂಪಾಯಿಗೆ ಸಿಗುತ್ತವೆ, ಸ್ಕ್ಯಾನಿನಲ್ಲಿ ಬಣ್ಣವನ್ನು ಬಹುಮಟ್ಟಿಗೆ ಸರಿಪಡಿಸಬಹುದು.

ಗಂಟು ಕಟ್ಟುವಲ್ಲಿ ಅಷ್ಟು ಜಾಣತನ ತೋರಿಸುವ ಅಂಗಡಿ ಫೋಟೋಗಳನ್ನು ನಡೆಸಿಕೊಳ್ಳುವ ರೀತಿ ಬೇಸರ ತರಿಸುತ್ತದೆ. ಹರಿದ ಕಡೆ ಸೆಲೋ ಟೇಪ್ ಹಚ್ಚುತ್ತಾರೆ. ಕೆಲವು ವರ್ಷದಲ್ಲಿ ಟೇಪಿನ ಅಂಟು ಕಾಗದಕ್ಕೆ ಇಳಿದು ಕಂದು ಪಟ್ಟಿ ಉಳಿಯುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಬೆಲೆಯ ಸ್ಟಿಕ್ಕರನ್ನು ಹಿಂಬದಿಯ ಬರಹದ ಮೇಲೇ ಅಂಟಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ತಪ್ಪು, ಗೆದ್ದಲು ತಿಂದ ರಟ್ಟು ಅಂತ ಅಂಚು ಕತ್ತರಿಸಿ ಎಸೆಯುವುದು. ಸ್ಟುಡಿಯೋ ಹೆಸರು, ಊರು ಉಬ್ಬಚ್ಚಾಗಿ ಇರುವುದೇ ರಟ್ಟಿನ ಬಲಗಡೆಯ ಕೆಳಗಿನ ಮೂಲೆಯಲ್ಲಿ! ಮುಂಚಿತವಾಗಿ ಹೇಳಿಟ್ಟರೆ ನಿಮ್ಮ ಗಂಟನ್ನು ಕತ್ತರಿ ಮುಟ್ಟಿಸದೆ ಕೊಡುತ್ತಾರೆ. ತಪ್ಪದೆ ಹೇಳಿ. ಕಟ್ಟು ಹಾಕಿದ ಫೋಟೋ ಗಾಜಿಗೆ ಅಂಟಿದ್ದರೆ ಕಟ್ಟಿನ ಸಮೇತ ಕೊಳ್ಳಿ. ತೇವದಿಂದ ಫೋಟೋದ ಜೆಲಾಟಿನ್ ಪದರ ಗಾಜು ಹಿಡಿದಿರುತ್ತದೆ, ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಮೇಲಿನಿಂದಲೇ ಪ್ರತಿ ತೆಗೆಯುವುದು ಸರಿಯಾದ ದಾರಿ. ಲ್ಯಾಮಿನೇಷನ್ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಶಾಖಕ್ಕೆ ಕರಗಿದ ಅಂಟು ಒಮ್ಮೆ ಫೋಟೋಗೆ ಹಿಡಿದರೆ ವಾಪಸ್ ಬಿಡಿಸಲಾಗದು.

ಗಾಜಿನ ನೆಗೆಟಿವ್ ಒಂದಕ್ಕೆ 150 ರೂಪಾಯಿ, ಈ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯ ಕೊಳ್ಳುವಿಕೆ ಇಲ್ಲ. ಹೆಚ್ಚಿನವು ಹಾಫ್ ಪ್ಲೇಟ್, ಅಂದರೆ 4¾ x 6½ ಇಂಚು. ಅಂಚನ್ನು ಮಾತ್ರ ಹಿಡಿಯಿರಿ. ಹೊಳಪಿಲ್ಲದ ಬದಿಯೇ ಚಿತ್ರದ ಪದರ, ಅದಕ್ಕೆ ನೀರು ಸೋಕಿಸಬಾರದು. ಮನೆಗೆ ತಂದಮೇಲೆ ಒಂದರ ಮೇಲೊಂದು ಪೇರಿಸದೆ, ಒಂದೊಂದಕ್ಕೂ ಕಾಗದ ಸುತ್ತಿ ಉದ್ದದ ಬದಿಯ ಮೇಲೆ ನಿಲ್ಲಿಸಿ. ಫಿಲ್ಮ್ ನೆಗೆಟಿವ್ ಆದರೆ ಅಂಚಿನಲ್ಲಿ "ಸೇಫ್ಟಿ" (ಸುಲಭವಾಗಿ ಬೆಂಕಿ ಹಿಡಿಯದ ಫಿಲ್ಮ್) ಅಂತ ಇದೆಯೇ ನೋಡಿ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಹಾಳೆ ಕೆಡುತ್ತಿದೆ. ಬೇಗ ಸ್ಕ್ಯಾನ್ ಮಾಡಿ, ಬೇರೆ ನೆಗೆಟಿವ್‌ಗಳಿಂದ ದೂರ ಇಡಿ. 1950ಕ್ಕಿಂತ ಹಿಂದಿನ, ಕಂದಾಗಿ ಜಿಗುಟಾದ ಫಿಲ್ಮ್ ನೈಟ್ರೇಟ್ ಆಗಿರಬಹುದು. ಅದು ಸುಲಭವಾಗಿ ಬೆಂಕಿ ಹಿಡಿಯುತ್ತದೆ, ಮನೆಗೆ ತರಲೇಬೇಡಿ.

ಸ್ಕ್ಯಾನ್ ಸೇವೆಗೆ ಪ್ರತಿಗೆ 20 ರೂಪಾಯಿ. 300 ಡಿಪಿಐಯಲ್ಲಿ ಜೆಪೆಗ್ ಮಾಡಿ ವಾಟ್ಸಾಪಿಗೆ ಕಳಿಸುತ್ತಾರೆ, ಅಲ್ಲಿ ಅದು ಇನ್ನೂ ಕುಗ್ಗುತ್ತದೆ. ಪೆನ್‌ಡ್ರೈವ್ ಒಯ್ದು 600 ಡಿಪಿಐ, ಟಿಫ್ (ವಿವರ ಕಳೆಯದ ಫೈಲ್) ಅಂತ ಕೇಳಿ. ಪಾಸ್‌ಪೋರ್ಟ್ ಅಳತೆಯದಾದರೆ 1200. ಕಪ್ಪು ಬಿಳುಪಿನದನ್ನೂ ಕಲರ್‌ನಲ್ಲೇ ಮಾಡಿಸಿ, ಕಲೆ ಮತ್ತು ಶಾಯಿ ಬೇರೆಯಾಗಿ ಕಾಣುತ್ತವೆ. 12 x 10 ಇಂಚಿನ ಗ್ರೂಪ್ ಫೋಟೋ ಎ4 ಸ್ಕ್ಯಾನರಿನಲ್ಲಿ ಹಿಡಿಯುವುದಿಲ್ಲ. ಎರಡು ತುಂಡಾಗಿ, ನಡುವೆ ಎರಡು ಇಂಚು ಎರಡರಲ್ಲೂ ಬರುವಂತೆ ತೆಗೆಸಬೇಕು. ಹಿಂಬದಿಯನ್ನೂ ತೆಗೆಸಿ, ಅದಕ್ಕೆ ಹಣ ಕೇಳುವುದಿಲ್ಲ. ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಿ ಮುಖ ನಯಮಾಡಿಕೊಡುವ ಸೇವೆಗೆ 100 ರೂಪಾಯಿ ತೆಗೆದುಕೊಳ್ಳುತ್ತಾರೆ. ಇಳಕಲ್ ಸೀರೆಯ ಸೆರಗಿಗೂ ದಡಿಗೂ ಅದು ತನಗೆ ತೋಚಿದ ಬಣ್ಣ ಹಾಕುತ್ತದೆ, ಹಿರಿಯರ ಮುಖವನ್ನು ಬೇರೆಯವರ ಮುಖ ಮಾಡುತ್ತದೆ. ಆ ದುಡ್ಡಿಗೆ ಇನ್ನೊಂದು ಗಂಟು ಕೊಳ್ಳಿ.

ಎರಡು ವಸ್ತುಗಳನ್ನು ಕೊಳ್ಳಬೇಡಿ. ಆಗಾಗ ಶಾನುಭೋಗರ ಲೆಕ್ಕದ ಪುಸ್ತಕಗಳು ಬರುತ್ತವೆ. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದಾಗ ಎಷ್ಟೋ ಮನೆಗಳಲ್ಲಿ ಇವು ಉಳಿದುಕೊಂಡವು. ಕಚೇರಿ ಮೊಹರಿದ್ದರೆ ಅದು ಸರ್ಕಾರಿ ದಾಖಲೆ, ಹೋಗಬೇಕಾದ್ದು ತಾಲ್ಲೂಕು ಕಚೇರಿಗೆ ಅಥವಾ ಪತ್ರಾಗಾರಕ್ಕೆ. ಇನ್ನೊಂದು ತಾಳೆಗರಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಸಾಹಿತ್ಯ, ಚರಿತ್ರೆಯ ಮೌಲ್ಯವಿರುವ 75 ವರ್ಷ ದಾಟಿದ ಹಸ್ತಪ್ರತಿಯೂ ಪುರಾತನ ವಸ್ತು, ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ.

ಚಿತ್ರದುರ್ಗ ಸೀಮೆಯ ಒಣ ಹವೆಯಿಂದಾಗಿ ಈ ಕಾಗದಕ್ಕೆ ಕರಾವಳಿಯಷ್ಟು ಬೂಷ್ಟು ಹಿಡಿದಿರುವುದಿಲ್ಲ, ಬದಲಿಗೆ ಮಡಿಕೆಯಲ್ಲಿ ಪಟ್ಟನೆ ಮುರಿಯುತ್ತದೆ. ಮನೆಯಲ್ಲಿ ಅಟ್ಟದ ಮೇಲೆ ಇಡಬೇಡಿ, ಬೇಸಿಗೆಯ ಕಾವು ಅಲ್ಲೇ ಹೆಚ್ಚು. ಕಬ್ಬಿಣದ ಬೀರುವಿನ ನಡುವಿನ ಅರೆ ಒಳ್ಳೆಯದು. ಹೊಸ ರೇನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಪಿವಿಸಿ, ಅದು ಬೇಡ. ಲಗ್ನಪತ್ರಿಕೆ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಪಿಪಿ (ಪಾಲಿಪ್ರೊಪಿಲೀನ್) ಕವರು ಸಾಕು. ಹೆಸರು ಬರೆಯುವುದಿದ್ದರೆ ಫೋಟೋ ಹಿಂದೆ ಅಂಚಿನಲ್ಲಿ ಮೆತ್ತನೆಯ 4ಬಿ ಪೆನ್ಸಿಲಿನಿಂದ, ಒತ್ತದೆ. ಗಂಟಿನ ಜೊತೆ ಬಂದ ಚೀಟಿಯನ್ನು ಎಸೆಯದೆ ಅದೇ ಕವರಿನಲ್ಲಿ ಹಾಕಿಡಿ.

ಹೊಸ ಗಂಟು ಬಿಚ್ಚುವುದು ಹೆಚ್ಚಾಗಿ ದೀಪಾವಳಿಗೆ ಮುಂಚೆ, ಮನೆಗಳಿಗೆ ಸುಣ್ಣ ಬಣ್ಣ ಆಗುವ ಸಮಯದಲ್ಲಿ. ಮಧ್ಯಾಹ್ನ ಊಟದ ಹೊತ್ತು ಬಾಗಿಲು ಹಾಕಿರುತ್ತದೆ, ಬೆಳಿಗ್ಗೆ ಹತ್ತೂವರೆಗೆ ಹೋದರೆ ಒಳಕೋಣೆಯ ಕಿಟಕಿಯಲ್ಲಿ ಬೆಳಕು ಚೆನ್ನಾಗಿರುತ್ತದೆ. ಬಿಡಿ ಹಾಳೆಗೆ ಚೌಕಾಸಿ ನಡೆಯುವುದಿಲ್ಲ, ಗಂಟಿಗೆ ನೂರಿನ್ನೂರು ಇಳಿಸುತ್ತಾರೆ. ಫೋನ್‌ಪೇ ನಡೆಯುತ್ತದೆ. ಮರುಪ್ರತಿ ಅಂತ ಆಮೇಲೆ ಗೊತ್ತಾದರೆ ವಾಪಸ್ ತೆಗೆದುಕೊಳ್ಳುತ್ತಾರೆ, ಆದರೆ ವಾರದೊಳಗೆ ತರಬೇಕು ಮತ್ತು ಅವರ ಪೆನ್ಸಿಲ್ ಚೀಟಿ ಜೊತೆಗಿರಬೇಕು.