1/24 ಅಳತೆಯ ಮಾದರಿ ಕಾರಿನ ಮೈಗೆ ಬಣ್ಣ: ನಾಲ್ಕು ದಾರಿಗಳ ಹೋಲಿಕೆ

ಬಿಡಿ ಪ್ಲಾಸ್ಟಿಕ್ ಭಾಗಗಳ ಕಿಟ್‌ನಿಂದ ಮಾದರಿ ಕಾರು ಕಟ್ಟುವವರು ಬಣ್ಣದ ವಿಷಯಕ್ಕೆ ಬಂದರೆ ಸಾಮಾನ್ಯವಾಗಿ ಹೊಳಪನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ನಾನು ಮೊದಲು ನೋಡುವುದು ಬಣ್ಣದ ಪದರದ ದಪ್ಪವನ್ನು. ನಿಜವಾದ ಕಾರಿನ ಮೇಲೆ ಕಾರ್ಖಾನೆಯಲ್ಲಿ ಹೊಡೆಯುವ ಪ್ರೈಮರ್ (ಅಡಿಪದರ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಎಲ್ಲವೂ ಸೇರಿ ಸುಮಾರು 100 ಮೈಕ್ರಾನ್, ಅಂದರೆ 0.1 ಮಿ.ಮೀ. ದಪ್ಪವಿರುತ್ತದೆ. ಅದನ್ನು 1/24 ಅಳತೆಗೆ ಇಳಿಸಿದರೆ 4 ಮೈಕ್ರಾನಿನ ಆಸುಪಾಸಿಗೆ ಬರುತ್ತದೆ, ಅಷ್ಟು ತೆಳುವಾಗಿ ಮನೆಯಲ್ಲಿ ಬಣ್ಣ ಹೊಡೆಯುವುದು ಯಾರಿಂದಲೂ ಆಗುವ ಮಾತಲ್ಲ. ಬಾಗಿಲಿಗೂ ಬಾಡಿಗೂ ನಡುವೆ ಇರುವ 5 ಮಿ.ಮೀ. ಸಂದು ಕಿಟ್‌ನಲ್ಲಿ 0.2 ಮಿ.ಮೀ. ಅಗಲದ ಗೆರೆಯಾಗಿ ಉಳಿದಿರುತ್ತದೆ. ಪ್ರತಿ ಕೋಟ್ ಆ ಗೆರೆಯ ಎರಡೂ ಅಂಚನ್ನು ಒಳಗಿನಿಂದ ತುಂಬಿಸುತ್ತ ಬರುವುದರಿಂದ, ಕಡಿಮೆ ಬಣ್ಣದಲ್ಲಿ ಹೆಚ್ಚು ಮಟ್ಟಸವಾದ ಮೈ ಕೊಡುವ ವಿಧಾನವೇ ನನ್ನ ದೃಷ್ಟಿಯಲ್ಲಿ ಮೇಲು. ಹೊಳಪು ಕಡಿಮೆಯಾದರೆ ಪಾಲಿಶ್ ಹಾಕಿ ತರಬಹುದು. ಮುಚ್ಚಿಹೋದ ಗೆರೆಯನ್ನು ಹೊಳಪು ಕೆಡದಂತೆ ಮತ್ತೆ ಕೆತ್ತುವುದು ಬಹಳ ಕಷ್ಟ.

ಈ ಹೋಲಿಕೆಗೆ ನಾನು ತೆಗೆದುಕೊಂಡ ದಾರಿಗಳು ನಾಲ್ಕು: ಹವ್ಯಾಸಿಗಳಿಗೆಂದೇ ತಯಾರಾಗುವ ಸ್ಪ್ರೇ ಕ್ಯಾನ್, ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣವನ್ನು ತುಂತುರಾಗಿಸುವ ಸಣ್ಣ ಉಪಕರಣ) ಲ್ಯಾಕರ್ (ತೀವ್ರ ದ್ರಾವಕದ, ಬೇಗ ಒಣಗುವ ಬಣ್ಣ), ಏರ್‌ಬ್ರಷ್‌ನಲ್ಲಿ ಆಕ್ರಿಲಿಕ್, ಹಾಗೂ ಊರಿನ ಪೇಂಟ್ ಅಂಗಡಿಯಲ್ಲಿ ಸಿಗುವ, ನಮ್ಮವರು ಈಗಲೂ ಡ್ಯೂಕೊ ಎಂದೇ ಕರೆಯುವ ನೈಟ್ರೋಸೆಲ್ಯುಲೋಸ್ ಬಣ್ಣ. ಬಣ್ಣ ನೀಲಿ ಮತ್ತು ಕೆಂಪು. ಎಲ್ಲಕ್ಕೂ ಅಡಿಪಾಯ ಒಂದೇ, ತೆಳುವಾಗಿ ಹೊಡೆದ ಮಿಸ್ಟರ್ ಸರ್ಫೇಸರ್ 1500 ಎಂಬ ಪ್ರೈಮರ್. ಬಾಡಿಗೆ ಕೈಹಾಕುವ ಮೊದಲು ಪ್ರತಿಯೊಂದನ್ನೂ ಬಿಳಿ ಪ್ಲಾಸ್ಟಿಕ್ ಚಮಚದ ಬೆನ್ನಿನ ಮೇಲೆ ಪರೀಕ್ಷಿಸಿದೆ, ಏಕೆಂದರೆ ಅಂಥ ಚಮಚಗಳಲ್ಲಿ ಹೆಚ್ಚಿನವು ಕಿಟ್‌ನಂತೆಯೇ ಪಾಲಿಸ್ಟೈರೀನ್, ಅವುಗಳ ಬಾಗು ಕೂಡ ಬಾನೆಟ್ಟಿನ ಬಾಗಿಗೆ ಹತ್ತಿರ. 2022ರ ಜುಲೈನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚಗಳಿಗೆ ನಿಷೇಧ ಬಂದದ್ದು ಊರಿಗೆ ಒಳ್ಳೆಯದೇ ಆಯಿತು, ಆದರೆ ನನ್ನ ಡಬ್ಬಿಯಲ್ಲಿದ್ದ ಹಳೆಯ ಸಂಗ್ರಹ ಕರಗುತ್ತಿರುವುದರಿಂದ ಈಗ ಕಿಟ್‌ನ ಬೇಡದ ಭಾಗಗಳ ಮೇಲೆಯೇ ಪರೀಕ್ಷೆ ನಡೆಯುತ್ತದೆ.

ಸ್ಪ್ರೇ ಕ್ಯಾನ್‌ಗಳಲ್ಲಿ ಜಪಾನಿನ ಶಿಜುವೋಕಾ ನಗರದ ತಮಿಯಾ ಕಂಪನಿಯ ಟಿಎಸ್ ಸರಣಿ ಎಲ್ಲರಿಗೂ ಪರಿಚಿತ. 100 ಮಿ.ಲೀ. ಕ್ಯಾನ್, ಒಳಗಿರುವುದು ಸಿಂಥೆಟಿಕ್ ಲ್ಯಾಕರ್. ಇದೇ ಕಂಪನಿಯ ಪಿಎಸ್ ಸರಣಿ ರಿಮೋಟ್ ಕಾರುಗಳ ಪಾಲಿಕಾರ್ಬೊನೇಟ್ ಬಾಡಿಗೆ ಮೀಸಲಾದದ್ದು, ಕಿಟ್‌ನ ಪ್ಲಾಸ್ಟಿಕ್‌ಗೆ ಅಲ್ಲ. ಕೊಳ್ಳುವಾಗ ಈ ಎರಡಕ್ಷರ ನೋಡಿಕೊಳ್ಳಬೇಕು. ಟಿಎಸ್-8 ಇಟಾಲಿಯನ್ ಕೆಂಪು ಫೆರಾರಿಗೆ, ಟಿಎಸ್-50 ಮೈಕಾ ನೀಲಿ ಸುಬಾರು ಇಂಪ್ರೆಜಾ ರ್‍ಯಾಲಿ ಕಾರಿಗೆ ಎನ್ನುವಷ್ಟು ಸಿದ್ಧವಾಗಿ ಬಣ್ಣಗಳು ಸಿಗುತ್ತವೆ, ಬೆರೆಸುವ ಗೊಡವೆಯಿಲ್ಲ. ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಚೆನ್ನಾಗಿ ಕುಲುಕಿ, 20ರಿಂದ 25 ಸೆಂ.ಮೀ. ದೂರದಿಂದ ಬಾಡಿಯ ಹೊರಗೆ ಶುರುಮಾಡಿ ಹೊರಗೇ ಮುಗಿಯುವಂತೆ ಕೈ ಆಡಿಸಿದರೆ ಹೊಸಬರಿಗೂ ನಾಚಿಕೆಪಡದಂಥ ಮೈ ಬರುತ್ತದೆ. ಕೊರತೆಯಿರುವುದು ಹತೋಟಿಯಲ್ಲಿ. ಒತ್ತಡವೂ ಬಣ್ಣದ ಪ್ರಮಾಣವೂ ಗುಂಡಿಯ ಕೈಯಲ್ಲಿರುತ್ತವೆ, ನಮ್ಮ ಕೈಯಲ್ಲಲ್ಲ. ವೈಪರ್ ಬುಡದ ಜಾಲರಿ, ಹೆಡ್‌ಲೈಟಿನ ಗುಳಿ ಮುಂತಾದ ತಗ್ಗುಗಳಿಗೆ ಬಣ್ಣ ತಲುಪುವಷ್ಟರಲ್ಲಿ ಚಾವಣಿಯ ಮೇಲೆ ಅಗತ್ಯಕ್ಕಿಂತ ಹೆಚ್ಚು ಕೂತಿರುತ್ತದೆ.

ಕರಾವಳಿಯಲ್ಲಿರುವವರಿಗೆ ಇನ್ನೊಂದು ತೊಡಕಿದೆ. ಲ್ಯಾಕರಿನ ದ್ರಾವಕ ಬೇಗ ಆವಿಯಾಗುವಾಗ ಬಾಡಿಯ ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅಲ್ಲಿ ಕೂತು ಬಣ್ಣದ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಮಂಗಳೂರಿನಲ್ಲಿ ಆಷಾಢದ ಮಳೆ ಸುರಿಯುತ್ತಿರುವಾಗ ಬೇಕೆಂದೇ ಒಂದು ಚಮಚಕ್ಕೆ ಕಪ್ಪು ಹೊಡೆದು ನೋಡಿದೆ. ಒಣಗಿದಾಗ ಅದರ ಅಂಚೆಲ್ಲ ಬೂದು ಬಣ್ಣಕ್ಕೆ ತಿರುಗಿತ್ತು. ಅದೇ ಕ್ಯಾನ್ ಜನವರಿಯ ಒಣ ಮಧ್ಯಾಹ್ನದಲ್ಲಿ ಕನ್ನಡಿಯಂತೆ ಬಂತು. ಇದರ ಜೊತೆಗೆ, ಏರೊಸಾಲ್ ಕ್ಯಾನ್ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ವಿಮಾನದ ಪಾರ್ಸೆಲಿನಲ್ಲಿ ಬರುವುದು ಕಷ್ಟ, ಹಾಗಾಗಿ ಬೇಕಾದ ಬಣ್ಣ ಬೇಕಾದಾಗ ಅಂಗಡಿಯಲ್ಲಿ ಇರುತ್ತದೆಂಬ ಭರವಸೆಯಿಲ್ಲ.

ಏರ್‌ಬ್ರಷ್‌ಗೆ ಮೊದಲ ಖರ್ಚು ದೊಡ್ಡದು. ಟ್ಯಾಂಕ್ ಇರುವ ಸಣ್ಣ ಕಂಪ್ರೆಸರ್, ನೀರು ಹಿಡಿಯುವ ಫಿಲ್ಟರ್, 0.3 ಮಿ.ಮೀ. ನಾಜಲ್ ಇರುವ ಬ್ರಷ್, ಕಾರ್ಬನ್ ಕಾರ್ಟ್ರಿಜ್ ಇರುವ ಮಾಸ್ಕ್, ಹೊಗೆ ಹೊರಗೆಳೆಯುವ ಫ್ಯಾನ್ ಇವಿಷ್ಟೂ ಇಲ್ಲದೆ ಲ್ಯಾಕರ್ ಹೊಡೆಯಲು ಕೂರಬಾರದು. ಆದರೆ ಇವು ಕೈಗೆ ಬಂದ ಮೇಲೆ ಹೋಲಿಕೆ ಬಹುಮಟ್ಟಿಗೆ ಏಕಪಕ್ಷೀಯವಾಗುತ್ತದೆ. ಜಿಎಸ್‌ಐ ಕ್ರಿಯೋಸ್ ಕಂಪನಿಯ ಮಿಸ್ಟರ್ ಕಲರ್ ಒಂದು ಪಾಲಿಗೆ ಅದೇ ಕಂಪನಿಯ ಲೆವೆಲಿಂಗ್ ಥಿನ್ನರ್ ಒಂದೂವರೆ ಪಾಲು ಸೇರಿಸಿ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಮೊದಲು ತುಂತುರಿನಂತೆ, ಕೊನೆಗೆ ಒಮ್ಮೆ ಒದ್ದೆಯಾಗಿ ಹೊಡೆದರೆ ಬಣ್ಣ ತಾನೇ ಹರಿದು ಸಮನಾಗುತ್ತದೆ. ಆ ಥಿನ್ನರಿನಲ್ಲಿರುವ ರಿಟಾರ್ಡರ್ ಒಣಗುವುದನ್ನು ನಿಧಾನಿಸುವುದೇ ಇದರ ಗುಟ್ಟು. ಕಿತ್ತಳೆ ಸಿಪ್ಪೆಯಂಥ ತರಿ ಏಳಲು ಅವಕಾಶ ಸಿಗುವುದಿಲ್ಲ, ಬಿಳಿ ಮಂಜು ಕೂರುವುದೂ ಗಣನೀಯವಾಗಿ ಕಡಿಮೆ. ಸ್ಪ್ರೇ ಕ್ಯಾನ್‌ನಿಂದ ಬಂದ ಬಾಡಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಡಿಕ್ಕಿಯ ಮುಚ್ಚಳ ನೋಡಿದೆ. ಕ್ಯಾನಿನದರಲ್ಲಿ ಅಚ್ಚಿನಲ್ಲೇ ಮೂಡಿಬಂದ ಸಣ್ಣ ಲಾಂಛನ ಉಬ್ಬಿದ ಚುಕ್ಕೆಯಾಗಿತ್ತು, ಪೆಟ್ರೋಲ್ ಮುಚ್ಚಳದ ಸುತ್ತಲಿನ ಗೆರೆ ಕೆಳಭಾಗದಲ್ಲಿ ಅರ್ಧ ತುಂಬಿತ್ತು. ಏರ್‌ಬ್ರಷ್‌ನದರಲ್ಲಿ ಲಾಂಛನದ ಅಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಹೊಳಪಿನಲ್ಲಿ ಮಾತ್ರ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಟಿಎಸ್ ಬಣ್ಣವೇ ಬೇಕು, ಹತೋಟಿಯೂ ಬೇಕು ಎನ್ನುವವರು ಕ್ಯಾನಿನ ಬಣ್ಣವನ್ನು ಗಾಜಿನ ಶೀಶೆಗೆ ಇಳಿಸಿ, ಅದರಲ್ಲಿ ಕರಗಿರುವ ಅನಿಲ ಹೋಗುವವರೆಗೆ ಮುಚ್ಚಳ ಸಡಿಲವಾಗಿಟ್ಟು, ಆಮೇಲೆ ಏರ್‌ಬ್ರಷ್‌ಗೆ ಹಾಕಬಹುದು.

ಆಕ್ರಿಲಿಕ್‌ನ ಬಗ್ಗೆ ಬೇಗ ಹೇಳಿ ಮುಗಿಸಬಹುದು. ವಾಸನೆ ಕಡಿಮೆ, ಮನೆಯಲ್ಲಿ ಮಕ್ಕಳಿದ್ದರೆ ಅದು ಸಣ್ಣ ಅನುಕೂಲವೇನಲ್ಲ. ಆದರೆ ಬಾಡಿಯಂಥ ದೊಡ್ಡ ಹೊಳಪಿನ ಮೈಗೆ ಈ ಬಣ್ಣ ಒಗ್ಗುವುದಿಲ್ಲ: ನಾಜಲಿನ ತುದಿಯಲ್ಲೇ ಒಣಗಿ ಉಗುಳುತ್ತದೆ, ಮೇಲ್ಮೈ ಗಟ್ಟಿಯಾಗಲು ದಿನಗಟ್ಟಲೆ ಬೇಕು, ಅಷ್ಟರೊಳಗೆ ಹಿಡಿದರೆ ಬೆರಳಿನ ಗುರುತು ಬೀಳುತ್ತದೆ. ಆಲ್ಕೋಹಾಲ್ ಆಧಾರಿತ ತಮಿಯಾ ಆಕ್ರಿಲಿಕ್ ಲ್ಯಾಕರ್ ಥಿನ್ನರಿಗೂ ಹೊಂದಿಕೊಳ್ಳುತ್ತದೆ, ಆಗ ನಡವಳಿಕೆ ಬಹಳ ಸುಧಾರಿಸುತ್ತದೆ. ಆದರೆ ಹಾಗೆ ಮಾಡಿದ ಕ್ಷಣವೇ ವಾಸನೆ ಕಡಿಮೆ ಎಂಬ ಅನುಕೂಲ ಹೋಗುತ್ತದೆ. ವಲೆಹೋ ಕಂಪನಿಯ ಬಣ್ಣದಂಥ ಶುದ್ಧ ನೀರಿನ ಆಕ್ರಿಲಿಕ್‌ಗೆ ಲ್ಯಾಕರ್ ಥಿನ್ನರ್ ಸೇರಿಸಿದರೆ ಒಡೆದು ಗಂಟುಗಂಟಾಗುತ್ತದೆ. ಡ್ಯಾಶ್‌ಬೋರ್ಡ್, ಸೀಟು, ಎಂಜಿನ್ ಮುಂತಾದ ಮಂಕು ಬಣ್ಣದ ಭಾಗಗಳಿಗೆ ನಾನು ಬಳಸುವುದು ಆಕ್ರಿಲಿಕ್ಕನ್ನೇ. ಅಲ್ಲಿ ಅದಕ್ಕೆ ಎದುರಿಲ್ಲ.

ಡ್ಯೂಕೊ ವಿಷಯ ಸ್ವಲ್ಪ ಸ್ವಾರಸ್ಯದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕಾರಿನ ಬಣ್ಣದ ಕೋಡ್ ಹೇಳಿದರೆ ಅದನ್ನೇ ಬೆರೆಸಿಕೊಡುತ್ತಾರೆ; ರಸ್ತೆಯಲ್ಲಿ ಕಾಣುವ ಮಾರುತಿಯದೋ 2014ರಲ್ಲಿ ತಯಾರಿಕೆ ನಿಂತ ಅಂಬಾಸಡರಿನದೋ ಬಣ್ಣ ನಿಖರವಾಗಿ ಬೇಕಿದ್ದರೆ ಹವ್ಯಾಸದ ಶೀಶೆಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಬೆಲೆಯೂ ಅಗ್ಗ. ಆದರೆ ಜೊತೆಗೆ ಕೊಡುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಪ್ರೈಮರ್ ಇಲ್ಲದ ಚಮಚದ ಮೇಲೆ ಇದನ್ನು ಒದ್ದೆಯಾಗಿ ಹೊಡೆದಾಗ ಮೈಯೆಲ್ಲ ಸಣ್ಣ ಬಿರುಕಿನ ಜಾಲವಾಯಿತು. ಪ್ರೈಮರ್ ಮೇಲೆ ಒಣ ತುಂತುರಾಗಿ ಹಲವು ಸಲ ಹೊಡೆದು ರಕ್ಷಣೆಯ ಪದರ ಕಟ್ಟಿಕೊಂಡರೆ ಬಾಡಿ ಉಳಿಯುತ್ತದೆ, ಆದರೆ ಹಾಗೆ ಮಾಡುವಷ್ಟರಲ್ಲಿ ದಪ್ಪ ಹೆಚ್ಚಿ ನನ್ನ ಅಳತೆಗೋಲಿನಲ್ಲಿ ಅದು ಹಿಂದೆ ಬೀಳುತ್ತದೆ. ಮೆಟಾಲಿಕ್ ಬಣ್ಣಗಳಲ್ಲಿ ಇನ್ನೊಂದು ದೋಷ: ನಿಜವಾದ ಕಾರಿಗೆಂದು ಮಾಡಿದ ಅಲ್ಯುಮಿನಿಯಂ ಕಣಗಳು 1/24ರಲ್ಲಿ ಮಿನುಗುವ ಪುಡಿ ಎರಚಿದ ಹಾಗೆ ಕಾಣುತ್ತವೆ. ಬಿಳಿ, ಕಪ್ಪು, ಕೆಂಪಿನಂಥ ಸಾದಾ ಬಣ್ಣಗಳಿಗೆ ಮಾತ್ರ ಇದು ಸರಿ.

ಇದೇ ಡ್ಯೂಕೊ ಲೋಹದ ಬಾಡಿಯ ಮೇಲೆ ಬೇರೆಯದೇ ಯೋಗ್ಯತೆ ತೋರಿಸುತ್ತದೆ. 1968ರಿಂದ ಬರುತ್ತಿರುವ ಹಾಟ್ ವೀಲ್ಸ್ ಎಂಬ ಲೋಹದ ಆಟಿಕೆ ಕಾರುಗಳನ್ನು ಬಿಚ್ಚಿ ಬದಲಾಯಿಸುವವರು ತಳದ ರಿವೆಟ್ ಕೊರೆದು, ಪೇಂಟ್ ರಿಮೂವರಿನಲ್ಲಿ ಹಳೆಯ ಬಣ್ಣ ತೆಗೆದು ಬರಿಯ ಸತುವಿನ ಮಿಶ್ರಲೋಹಕ್ಕೆ ಬರುತ್ತಾರೆ. ಅದಕ್ಕೆ ಥಿನ್ನರಿನ ಭಯವಿಲ್ಲ. ಲೋಹವನ್ನು ಕಚ್ಚಿ ಹಿಡಿಯುವ ಎಚಿಂಗ್ ಪ್ರೈಮರ್ ಮೇಲೆ ಎರಡು ತೆಳು ಕೋಟ್ ಸಾಕು, ಬೇಗ ಒಣಗುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ. ಹಾಗಾಗಿ ಲೋಹಕ್ಕೆ ನನ್ನ ಮೊದಲ ಆಯ್ಕೆ ಊರಿನ ಬಣ್ಣವೇ.

ಕೆಂಪಿನ ಬಗ್ಗೆ ಒಂದು ಮಾತು ಸೇರಿಸಬೇಕು. ಕೆಲವು ಕಿಟ್‌ಗಳ ಬಾಡಿ ಕೆಂಪು ಪ್ಲಾಸ್ಟಿಕ್‌ನಲ್ಲೇ ಅಚ್ಚಾಗಿರುತ್ತದೆ. ಅದರ ಮೇಲೆ ಬಿಳಿ ಹೊಡೆದರೆ ಕೆಲವೇ ದಿನಗಳಲ್ಲಿ ಗುಲಾಬಿ ಛಾಯೆ ಒಸರುತ್ತದೆ. ದ್ರಾವಕ ತೀವ್ರವಾದಷ್ಟೂ ಒಸರು ಹೆಚ್ಚು, ಅಂದರೆ ಇಲ್ಲಿ ಡ್ಯೂಕೊ ಎಲ್ಲಕ್ಕಿಂತ ಅಪಾಯಕಾರಿ, ಆಕ್ರಿಲಿಕ್ ಎಲ್ಲಕ್ಕಿಂತ ಸುರಕ್ಷಿತ. ಬಿಳಿಗೆ ಮೊದಲು ಬೆಳ್ಳಿ ಬಣ್ಣದ ಒಂದು ಕೋಟ್ ಹೊಡೆದರೆ ಅದು ತಡೆಗೋಡೆಯಾಗುತ್ತದೆ.

ಇನ್ನು ಕ್ಲಿಯರ್. ರ್‍ಯಾಲಿ ಕಾರಿನಂತೆ ಮೈತುಂಬ ಡೆಕಾಲ್ (ಅಂಟಿಸುವ ತೆಳು ಚಿತ್ರಪಟ್ಟಿ) ಇರುವ ಬಾಡಿಗೆ ಇದೇ ನಿಜವಾದ ಪರೀಕ್ಷೆ. ಟಿಎಸ್-13 ಕ್ಲಿಯರ್ ಅನ್ನು ಮೊದಲ ಸಲವೇ ಒದ್ದೆಯಾಗಿ ಹೊಡೆದರೆ ಡೆಕಾಲ್ ಸುಕ್ಕಾಗುತ್ತದೆ. ದೂರದಿಂದ ಎರಡು ಮೂರು ತುಂತುರು ಹೊಡೆದು ಒಣಗಿಸಿದ ಮೇಲೆ ಮುಂದುವರಿಯಬೇಕು. ಏರ್‌ಬ್ರಷ್‌ನಲ್ಲಿ ಹೊಡೆಯುವ ಲ್ಯಾಕರ್ ಕ್ಲಿಯರ್‌ಗೂ ಇದೇ ಕ್ರಮ, ಆದರೆ ಹತೋಟಿ ಇರುವುದರಿಂದ ಎದೆಬಡಿತ ಕಡಿಮೆ. ಈಚೆಗೆ ಹಲವರು ಗ್ಯಾರೇಜಿನ ಟು-ಕೆ (ಹಾರ್ಡನರ್ ಬೆರೆಸಿ ಹೊಡೆಯುವ ಎರಡು ಭಾಗದ) ಯುರೆಥೇನ್ ಕ್ಲಿಯರ್ ಹೊಗಳುತ್ತಾರೆ. ಹೊಳಪು ಅದ್ಭುತ ಎಂಬುದನ್ನು ನಾನೂ ಒಪ್ಪುತ್ತೇನೆ, ಪಾಲಿಶ್ ಬೇಕಾಗುವುದೇ ಇಲ್ಲ. ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಗಂಭೀರ ಹಾನಿ ಮಾಡುವಂಥದ್ದು, ಮನೆಯ ಕೋಣೆಯಲ್ಲಿ ಅದನ್ನು ಹಾರಿಸುವುದು ಸಲ್ಲದು. ಅದನ್ನು ಪಕ್ಕಕ್ಕಿಟ್ಟರೂ ಆ ಪದರ ದಪ್ಪ, ಬಾಡಿಯ ಚೂಪು ಅಂಚುಗಳೆಲ್ಲ ದುಂಡಗಾಗುತ್ತವೆ, ಕಾರು ಆಟಿಕೆಯಂತೆ ಕಾಣತೊಡಗುತ್ತದೆ. ಅದಕ್ಕಿಂತ ಲ್ಯಾಕರ್ ಕ್ಲಿಯರನ್ನು ಒಂದು ವಾರ ಗಟ್ಟಿಯಾಗಲು ಬಿಟ್ಟು, 2000 ನಂಬರಿನ ವಾಟರ್ ಪೇಪರಿನಿಂದ ಅಂಚುಗಳನ್ನು ಮುಟ್ಟದೆ ಹಗುರವಾಗಿ ಉಜ್ಜಿ, ಮೂರು ಹಂತದ ಪಾಲಿಶ್ ಕಾಂಪೌಂಡ್ ಹಾಕುವುದು ಮೇಲು.

ವರ್ಷಕ್ಕೆ ಒಂದೆರಡು ಕಿಟ್ ಕಟ್ಟುವವರು ಕಂಪ್ರೆಸರ್ ಕೊಳ್ಳಬೇಕಾಗಿಲ್ಲ. ದೀಪಾವಳಿಯಿಂದ ಶಿವರಾತ್ರಿಯ ನಡುವೆ ಸ್ಪ್ರೇ ಕ್ಯಾನ್ ಹಿಡಿದರೆ ಕೆಲಸ ಚೆನ್ನಾಗಿಯೇ ಆಗುತ್ತದೆ. ಅದಕ್ಕಿಂತ ಹೆಚ್ಚು ಕಟ್ಟುವವರು ಕ್ಯಾನುಗಳಿಗೆ ಸುರಿಯುವ ಹಣವನ್ನು ಉಳಿಸಿ ಮೊದಲು ಏರ್‌ಬ್ರಷ್ ಮತ್ತು ಮಾಸ್ಕ್, ಆಮೇಲೆ ಬಿಳಿ, ಕಪ್ಪು, ಕೆಂಪು, ನೀಲಿ, ಹಳದಿ ಲ್ಯಾಕರ್‌ನ ಒಂದೊಂದು ಶೀಶೆ ಮತ್ತು ಲೆವೆಲಿಂಗ್ ಥಿನ್ನರಿನ ದೊಡ್ಡ ಬಾಟಲಿ ಕೊಳ್ಳಲಿ. ಥಿನ್ನರ್ ಮಾತ್ರ ಅಂದಾಜಿಗಿಂತ ಎರಡು ಪಟ್ಟು ಬೇಗ ಖಾಲಿಯಾಗುತ್ತದೆ, ಏಕೆಂದರೆ ಬ್ರಷ್ ತೊಳೆಯಲು ಬೇರೆ ಅಗ್ಗದ ಥಿನ್ನರ್ ಇಟ್ಟುಕೊಳ್ಳಬೇಕೆಂಬುದು ಯಾರಿಗೂ ಮೊದಲು ಹೊಳೆಯುವುದಿಲ್ಲ. ಆ ಕೆಲಸಕ್ಕೆ ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಧಾರಾಳವಾಗಿ ಸಾಕು.