ಸೊಟ್ಟ ಬುಲೆಟ್: ದುಬಾರಿ ಸೀಟಿಂಗ್ ಡೈಯೋ, ಮ್ಯಾಂಡ್ರೆಲ್ಲೋ?

ರೈಫಲ್ ತೋಟಾಗಳನ್ನು ನಾನೇ ತುಂಬಿಕೊಳ್ಳುತ್ತೇನೆ, ಅವುಗಳಲ್ಲಿ ಬುಲೆಟ್ ಸೊಟ್ಟಗೆ ಕೂರುತ್ತಿತ್ತು. ಅದಕ್ಕೆ ಮದ್ದು ಯಾವುದು ಅಂದರೆ ನನ್ನ ಓಟು ಮ್ಯಾಂಡ್ರೆಲ್‌ಗೆ, ಅಂದರೆ ಕೇಸಿನ (ತೋಟಾದ ಹಿತ್ತಾಳೆ ಕೊಳವೆಯ) ಕುತ್ತಿಗೆಯನ್ನು ಒಳಗಿನಿಂದ ಹಿಗ್ಗಿಸುವ ಕಡ್ಡಿಗೆ. ಆ ಬುದ್ಧಿ ಬಂದಿದ್ದು ಮಾತ್ರ ಮೈಕ್ರೋಮೀಟರ್ (ಆಳವನ್ನು ನಿಖರವಾಗಿ ಹೊಂದಿಸುವ ತಿರುಪು) ಇರುವ ದುಬಾರಿ ಸೀಟಿಂಗ್ ಡೈ, ಅಂದರೆ ಬುಲೆಟ್ಟನ್ನು ಕೇಸಿನೊಳಗೆ ಕೂರಿಸುವ ಅಚ್ಚು, ಕೊಂಡ ಮೇಲೆ.

ನಾನು ತುಂಬಿದ .308 ಅಳತೆಯ ತೋಟಾಗಳನ್ನು ಡಯಲ್ ಗೇಜ್ ಕೆಳಗೆ ಉರುಳಿಸಿದರೆ ಬುಲೆಟ್ ಮೇಲೆ ಮುಳ್ಳು 5–6 ಥೌ ಓಲಾಡುತ್ತಿತ್ತು. ಥೌ ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು. (ಮುಳ್ಳು 6 ತೋರಿಸಿದರೆ ಬುಲೆಟ್ ನಡುವಿನಿಂದ ಸರಿದಿರುವುದು 3 ಅಷ್ಟೇ.) ಕೂರಿಸುವಾಗ ವಾಲುತ್ತಿದೆ ಅಂದುಕೊಂಡೆ. ಹೊಸ ಡೈ ಕೇಸು, ಬುಲೆಟ್ ಎರಡನ್ನೂ ಒಂದೇ ಸಾಲಿನಲ್ಲಿ ಹಿಡಿಯುತ್ತದೆ. ಕೆಲಸ ಚೆಂದ. ಓಲಾಟ ಮಾತ್ರ 5ರ ಹತ್ತಿರವೇ ನಿಂತಿತು.

ಆಗ ಖಾಲಿ ಕೇಸಿನ ಕುತ್ತಿಗೆ ಅಳೆದೆ. ಅದೇ ಸೊಟ್ಟ! ಸೊಟ್ಟ ಕುತ್ತಿಗೆಯಲ್ಲಿ ಬುಲೆಟ್ ನೆಟ್ಟಗೆ ಕೂರೋದು ಹೇಗೆ?

ಕಿತಾಪತಿ, ಹಾರಿಸಿದ ಕೇಸನ್ನು ಮತ್ತೆ ಅಳತೆಗೆ ತರುವ ಸೈಜಿಂಗ್ ಡೈಯೊಳಗಿನ ಎಕ್ಸ್‌ಪ್ಯಾಂಡರ್ ಬಾಲ್‌ದು. ಡೈ ಕುತ್ತಿಗೆಯನ್ನು ಬಿಗಿ ಮಾಡುತ್ತದೆ, ಕೇಸು ಹೊರಬರುವಾಗ ಬಾಲ್ ಒಳಗಿನಿಂದ ಹಿಗ್ಗಿಸುತ್ತದೆ. ಪ್ರೆಸ್‌ನ (ಡೈ ಕೂರಿಸುವ ಒತ್ತುಯಂತ್ರದ) ಹಿಡಿ ಎತ್ತುವಾಗ ಕಿರ್ರ್ ಅಂತ ಎಳೆತ ಕೈಗೇ ಗೊತ್ತಾಗುತ್ತಿತ್ತು. ಅಷ್ಟು ಹೊತ್ತಿಗೆ ಕೇಸಿನ ಮೈ ಡೈಯ ಹಿಡಿತ ಬಿಟ್ಟಿರುತ್ತದೆ. ಎಳೆದ ಕಡೆಗೆ ಕುತ್ತಿಗೆ ವಾಲುತ್ತದೆ. ಒಳಗೆ ಗ್ರಾಫೈಟ್ ಪುಡಿ ಸವರಿದೆ, ಸದ್ದು ಹೋಯಿತು, ವಾಲುವುದು ಅರ್ಧಂಬರ್ಧ ಉಳಿಯಿತು. ಬಾಲನ್ನೇ ಬಿಚ್ಚಿದೆ. ಕುತ್ತಿಗೆ 1 ಥೌಗೆ ಬಂತು.

ಬಾಲ್ ಇಲ್ಲದಿದ್ದರೆ ಕುತ್ತಿಗೆ ಬಿಗಿಯಾಗೇ ಉಳಿಯುತ್ತದೆ, ಅದಕ್ಕೆ ಈಗ ಬೇರೆಯಾಗಿ ಮ್ಯಾಂಡ್ರೆಲ್ ಹಾಕುತ್ತೇನೆ, ಬುಲೆಟ್ಟಿಗಿಂತ 2 ಥೌ ಸಣ್ಣದು. ಇದು ಹಿಗ್ಗಿಸುವುದು ಒಳಗೆ ಹೋಗುವಾಗ, ಎಳೆಯುವಾಗ ಅಲ್ಲ. ಹಳೇ ಸೀಟಿಂಗ್ ಡೈಯಲ್ಲೇ ಬುಲೆಟ್ ಮೇಲೆ 2 ಥೌ ಸಿಗುತ್ತಿದೆ. ಒಂದು ಎಚ್ಚರ: ಕುತ್ತಿಗೆಯ ಹಿತ್ತಾಳೆ ಒಂದು ಕಡೆ ದಪ್ಪವಿದ್ದರೆ ಮ್ಯಾಂಡ್ರೆಲ್ ಅದನ್ನು ಹೊರಗೆ ತಳ್ಳುತ್ತದೆ. ಕುತ್ತಿಗೆ ಸೊಟ್ಟ ಕಂಡರೂ ಬುಲೆಟ್ ನೆಟ್ಟಗಿರಬಹುದು. ಕೊನೇ ಅಳತೆ ಬುಲೆಟ್ ಮೇಲೇ ಆಗಬೇಕು.

ಸೊಟ್ಟ ಬುಲೆಟ್ಟನ್ನು ಒತ್ತಿ ನೆಟ್ಟಗೆ ಮಾಡುವ ಸಲಕರಣೆ? ಕುತ್ತಿಗೆಯ ಹಿಡಿತ ಸಡಿಲವಾಗಬಹುದು, ಬೇಡ.

ಗುರಿಹಲಗೆಯ ಕಥೆ? 100 ಮೀಟರಿನಲ್ಲಿ 6 ಥೌ ದಾಟಿದವು ಸ್ವಲ್ಪ ಜಾಸ್ತಿ ಚದುರಿದವು. 1ಕ್ಕೂ 3ಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಗಾಳಿ, ನನ್ನ ಬೆರಳು ಅದಕ್ಕಿಂತ ಹೆಚ್ಚು ಕೆಡಿಸುತ್ತವೆ.

ನಾನು ಒಂದು ಸಲಕ್ಕೆ ತುಂಬುವುದು 40–50, ಹಾಗಾಗಿ ಕೇಸಿಗೊಂದು ಹಿಡಿ ಜಾಸ್ತಿ ಎಳೆಯುವುದು ಭಾರವಲ್ಲ. ನೂರಾರು ತುಂಬುವವರಿಗೆ ರೇಜಿಗೆಯೇ. ಹೊಸ ಡೈ ಡಬ್ಬದಲ್ಲಿದೆ, ಬುಲೆಟ್ ಬದಲಿಸಿದ ದಿನ ಮಾತ್ರ ಹೊರಬರುತ್ತದೆ.